ಬೇಜಾರು ಅಂದರೆ ಯಾವ ಬೇಜಾರು?

ಕನ್ನಡಿ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, 'ನಾನು ಎಲ್ಲರ ಪ್ರೀತಿಗೆ ಯೋಗ್ಯ, ನಾನು ಗೆದ್ದೇ ಗೆಲ್ಲುತ್ತೇನೆ' ಅಂತ ದಿನಾ ಹತ್ತು ಸಲ ಹೇಳಿಕೊಳ್ಳಿ, ಜೀವನವೇ ಬದಲಾಗುತ್ತದೆ. ಈ ಸಲಹೆ ನಿಮಗೂ ಸಿಕ್ಕಿರುತ್ತದೆ. ರೀಲ್ಸ್‌ನಲ್ಲಿ ಸಿಕ್ಕಿರುತ್ತದೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ಸಿಕ್ಕಿರುತ್ತದೆ, ಆಫೀಸಿನ ಟ್ರೈನಿಂಗಿನಲ್ಲೂ ಸಿಕ್ಕಿರುತ್ತದೆ. ಹೇಳುವವರು ಅದೆಷ್ಟು ಖಚಿತವಾಗಿ ಹೇಳುತ್ತಾರೆ ಅಂದರೆ, ನಮಗೆ ಅದರಿಂದ ಏನೂ ಆಗದಿದ್ದಾಗ ತಪ್ಪು ನಮ್ಮದೇ ಇರಬೇಕು, ಹೇಳಿಕೊಂಡದ್ದು ಸಾಲದೇನೋ ಅಂತ ಅನಿಸಿಬಿಡುತ್ತದೆ.

ತಪ್ಪು ನಮ್ಮದಲ್ಲ. 2009ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಬಂದವರಿಗೆ ನಾಲ್ಕು ನಿಮಿಷ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ ಅಂದರು. ಒಂದು ಗುಂಪಿನವರಿಗೆ ಮಾತ್ರ ಇನ್ನೊಂದು ಕೆಲಸವೂ ಇತ್ತು. ಪ್ರತಿ 15 ಸೆಕೆಂಡಿಗೊಮ್ಮೆ ಬೆಲ್ ಬಾರಿಸಿದಾಗ 'ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ' ಅಂತ ಹೇಳಿಕೊಳ್ಳಬೇಕು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಇದರಿಂದ ಸ್ವಲ್ಪ ಖುಷಿ ಆಯಿತು. ತಮ್ಮ ಬಗ್ಗೆ ಕೀಳಾಗಿ ಅಂದುಕೊಂಡಿದ್ದವರಿಗೆ, ಅಂದರೆ ಈ ಔಷಧಿ ಯಾರಿಗೆ ಬೇಕಿತ್ತೋ ಅವರಿಗೆ, ಹೇಳಿಕೊಳ್ಳದೇ ಇದ್ದವರಿಗಿಂತ ಜಾಸ್ತಿ ಬೇಸರ ಆಯಿತು.

ಕಾರಣ ಊಹಿಸುವುದು ಕಷ್ಟವಲ್ಲ. 'ನಾನು ತುಂಬಾ ಒಳ್ಳೆಯವನು' ಅಂತ ಬಾಯಿ ಹೇಳಿದ ಕೂಡಲೇ ಒಳಗಿನಿಂದ ಒಬ್ಬ ಎದ್ದು ನಿಂತು 'ಹೌದಾ? ಹಾಗಾದರೆ ಹೋದ ತಿಂಗಳು ಮಾಡಿದ್ದೇನು?' ಅಂತ ಕೇಳುತ್ತಾನೆ. ಅವನ ಹತ್ತಿರ ದಾಖಲೆ ಇರುತ್ತದೆ. ತಾರೀಖು ಸಮೇತ ಇರುತ್ತದೆ. ನಮ್ಮ ಹತ್ತಿರ ಇರುವುದು ಒಂದು ಘೋಷಣೆ ಮಾತ್ರ. ವಾದದಲ್ಲಿ ಯಾರು ಗೆಲ್ಲುತ್ತಾರೆ ಹೇಳಿ.

ಹಾಗಂತ ನಮಗೆ ನಾವೇ ಆಡಿಕೊಳ್ಳುವ ಮಾತಿಗೆ ಶಕ್ತಿಯೇ ಇಲ್ಲ ಅನ್ನುವ ಕಡೆಗೆ ವಾಲಿದರೂ ತಪ್ಪಾಗುತ್ತದೆ. ಶಕ್ತಿ ಇದೆ. ಆದರೆ ನಾವು ಅದನ್ನು ಹುಡುಕುತ್ತಿರುವ ಜಾಗ ಸರಿಯಿಲ್ಲ ಅಂತ ನನಗೆ ಅನಿಸುತ್ತದೆ. ಮಾತು ಎಷ್ಟು ಸಿಹಿಯಾಗಿದೆ ಅನ್ನುವುದರ ಮೇಲೆ ಎಲ್ಲರ ಕಣ್ಣು. ನೋಡಬೇಕಾದದ್ದು ಅದು ಎಷ್ಟು ಅಳತೆಗೆ ಸರಿಯಾಗಿದೆ ಅನ್ನುವುದನ್ನು. ಆದದ್ದು ಇಷ್ಟು, ನಾನು ಹೇಳಿಕೊಂಡದ್ದು ಅಷ್ಟು. ಈ ಎರಡರ ನಡುವಿನ ಅಂತರದಲ್ಲೇ ಜಾಸ್ತಿ ತೊಂದರೆ ಹುಟ್ಟುತ್ತದೆ. (ನೀರಿನ ಬಾಟಲಿಗೆ ಒಳ್ಳೆಯ ಮಾತು ಹೇಳಿ ಹೆಪ್ಪುಗಟ್ಟಿಸಿದರೆ ಸುಂದರ ಹರಳು ಬರುತ್ತದೆ, ಬೈದರೆ ವಿಕಾರವಾಗುತ್ತದೆ ಅಂತ ಜಪಾನಿನ ಮಸಾರು ಎಮೊಟೊ ಹೇಳಿದ್ದನ್ನು ಇಂದಿಗೂ ಫಾರ್ವರ್ಡ್ ಮಾಡುವವರಿದ್ದಾರೆ. ಅದನ್ನು ವಿಜ್ಞಾನ ಒಪ್ಪಿಲ್ಲ. ನೀರಿಗೆ ಭಾಷೆ ಬರುವುದಿಲ್ಲ. ನಮಗೆ ಬರುತ್ತದೆ, ತೊಂದರೆ ಇರುವುದೇ ಅಲ್ಲಿ.)

ಮೊದಲು ಒಂದು ಸಣ್ಣ ವಿಷಯ. ಒಳಗೆ ಮಾತು ಸದಾ ಓಡುತ್ತಿರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಹರ್ಲ್‌ಬರ್ಟ್ ಜನರಿಗೆ ಬೀಪರ್ ಕೊಟ್ಟು ಕಳಿಸಿ, ಅದು ಯಾವಾಗಲೋ ಒಮ್ಮೆ ಸದ್ದು ಮಾಡಿದಾಗ 'ಈ ಕ್ಷಣ ತಲೆಯಲ್ಲಿ ಏನಿತ್ತು' ಅಂತ ಬರೆಸಿಕೊಳ್ಳುವ ಕ್ರಮವನ್ನು ದಶಕಗಳ ಕಾಲ ನಡೆಸಿದರು. ಸರಾಸರಿ ಲೆಕ್ಕದಲ್ಲಿ ಸುಮಾರು ಕಾಲು ಭಾಗದಷ್ಟು ಕ್ಷಣಗಳಲ್ಲಿ ಮಾತ್ರ ಒಳಗೆ ಮಾತಿತ್ತು. ಮಿಕ್ಕ ಹೊತ್ತು ಚಿತ್ರ, ಭಾವನೆ, ಮೈಯ ಅನುಭವ, ಇಂಥವು. ಕೆಲವರಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಇದನ್ನು ಓದುತ್ತಾ 'ನನ್ನೊಳಗೆ ಯಾರೂ ಮಾತಾಡುವುದಿಲ್ಲವಲ್ಲ' ಅನಿಸಿದರೆ ಗಾಬರಿ ಬೇಡ. ನಿಮ್ಮಂಥವರೂ ಇದ್ದಾರೆ.

ಈಗ ಅಳತೆ ತಪ್ಪುವ ಮಾತಿಗೆ ಬರೋಣ. 2018ರಲ್ಲಿ ಬ್ರಿಟನ್ನಿನ ಮೊಹಮ್ಮದ್ ಅಲ್-ಮೊಸೈವಿ ಮತ್ತು ಟಾಮ್ ಜಾನ್‌ಸ್ಟನ್ ಇಬ್ಬರೂ ಸೇರಿ 63 ಆನ್‌ಲೈನ್ ವೇದಿಕೆಗಳಲ್ಲಿ 6,400ಕ್ಕೂ ಹೆಚ್ಚು ಜನ ಬರೆದದ್ದನ್ನು ಕಂಪ್ಯೂಟರಿನಿಂದ ಓದಿಸಿದರು. ಅವರು ಹುಡುಕಿದ್ದು ದುಃಖದ ಪದಗಳನ್ನಲ್ಲ. ದುಃಖದಲ್ಲಿರುವವರು ದುಃಖದ ಪದ ಬಳಸುತ್ತಾರೆ, ಅದರಲ್ಲಿ ಹೊಸದೇನಿದೆ. ಅವರು ಎಣಿಸಿದ್ದು 'ಯಾವಾಗಲೂ', 'ಯಾವತ್ತೂ ಇಲ್ಲ', 'ಪೂರ್ತಿ', 'ಎಲ್ಲ' ಇಂಥ, ನಡುವೆ ಜಾಗ ಬಿಡದ ಪದಗಳನ್ನು. ಆತಂಕ ಮತ್ತು ಖಿನ್ನತೆಯ ಗುಂಪುಗಳಲ್ಲಿ ಇವು ಬೇರೆ ಗುಂಪುಗಳಿಗಿಂತ ಸುಮಾರು 50% ಜಾಸ್ತಿ ಇದ್ದವು. ಬದುಕೇ ಬೇಡ ಎಂಬ ಯೋಚನೆಯಲ್ಲಿದ್ದವರ ಗುಂಪುಗಳಲ್ಲಿ ಸುಮಾರು 80% ಜಾಸ್ತಿ. ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿದ್ದವರ ಬರಹದಲ್ಲೂ ಈ ಪದಗಳು ಪೂರ್ತಿ ಇಳಿದಿರಲಿಲ್ಲ. ನೋವು ಕಡಿಮೆಯಾದರೂ ಮಾತಿನ ಅಚ್ಚು ಹಾಗೇ ಉಳಿದಿತ್ತು.

ಇದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಇದೇ ಎಣಿಕೆ ಮಾಡಲು ಕೂತರೆ ಒಂದು ತಮಾಷೆ ಇದೆ. ನಮಗೆ 'ಯಾವಾಗಲೂ', 'ಎಲ್ಲಾ' ಅನ್ನುವ ಇಡೀ ಪದಗಳು ಬೇಕಾಗುವುದೇ ಇಲ್ಲ. ಒಂದು ಸ್ವರ ಸಾಕು. ಪದದ ಕೊನೆಗೆ ಒಂದು 'ಏ' ಇಲ್ಲವೇ 'ಊ' ಅಂಟಿಸಿದರೆ ಬಾಗಿಲು ಮುಚ್ಚಿದ ಹಾಗೆ. 'ಫೋನ್ ಬರಲಿಲ್ಲ' ಅನ್ನುವುದು ಸುದ್ದಿ. 'ಯಾರೂ ಫೋನ್ ಮಾಡಲಿಲ್ಲ' ಅಂದರೆ ಇಡೀ ಲೋಕ ಕೈಬಿಟ್ಟ ಹಾಗೆ. 'ಕೆಲಸ ಆಗಲಿಲ್ಲ' ಮತ್ತು 'ನನ್ನಿಂದ ಆಗುವುದೇ ಇಲ್ಲ' ಇವೆರಡರ ನಡುವೆ ಎಷ್ಟು ದೂರ ನೋಡಿ. 'ನನ್ನ ಹಣೆಬರಹವೇ ಇಷ್ಟು' ಅನ್ನುವ ಮಾತಿನಲ್ಲಿ ಆ 'ಏ' ತೆಗೆದುಹಾಕಿ ಓದಿ, ವಾಕ್ಯ ಸೊರಗಿ ಹೋಗುತ್ತದೆ, ಅಳು ಬರಿಸುವ ಶಕ್ತಿಯೇ ಇರುವುದಿಲ್ಲ. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಅಂತ ಹೆಸರು ಹೇಳಿಕೊಟ್ಟಿದ್ದರು. ಅದು ಮನಸ್ಸಿನ ಮೇಲೂ ಕೂರುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ. (ನೋಡಿ, ನಾನೂ 'ಯಾರೂ' ಅಂದೆ. ಯಾರೋ ಹೇಳಿದ್ದರೇನೋ, ನಾನು ಆ ದಿನ ಕ್ಲಾಸಿಗೆ ಹೋಗಿರಲಿಕ್ಕಿಲ್ಲ.)

'ಬೇಕು' ಅನ್ನುವುದೂ ಇದೇ ಜಾತಿ. ಮನೋವಿಶ್ಲೇಷಕಿ ಕರೆನ್ ಹಾರ್ನೈ 1950ರಲ್ಲೇ ಈ 'ಬೇಕು'ಗಳ ದಬ್ಬಾಳಿಕೆ ಬಗ್ಗೆ ಬರೆದರು. ಹೆಚ್ಚುಕಡಿಮೆ ಅದೇ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್ ತಮ್ಮ ಚಿಕಿತ್ಸೆಯನ್ನೇ ಇದರ ಸುತ್ತ ಕಟ್ಟಿದರು. ಮನುಷ್ಯ ನರಳುವುದು ಆಸೆಯಿಂದ ಅಲ್ಲ, ಆಸೆಯನ್ನು ಆಜ್ಞೆ ಮಾಡಿಕೊಳ್ಳುವುದರಿಂದ ಎಂಬುದು ಅವರ ವಾದದ ತಿರುಳು. 'ಇದು ಚೆನ್ನಾಗಿ ಬಂದರೆ ಒಳ್ಳೆಯದು' ಅನ್ನುವುದು ಆಸೆ. 'ಚೆನ್ನಾಗಿ ಬರಬೇಕು' ಅನ್ನುವುದು ಒತ್ತಡ. ಕನ್ನಡದಲ್ಲಿ ಇನ್ನೂ ಒಂದು ಮೆಟ್ಟಿಲು ಇದೆ: 'ಬರಲೇಬೇಕು'. ಅಲ್ಲೂ ಅದೇ 'ಏ', ಪದದ ಹೊಟ್ಟೆಯೊಳಗೆ ಸೇರಿಕೊಂಡಿದೆ.

ಪ್ರತಿ 'ಏ'ಯನ್ನೂ ಪೊಲೀಸರ ಥರ ಹಿಡಿಯುತ್ತಾ ಕೂತರೆ ಮಾತಾಡುವುದೇ ನಿಂತುಹೋಗುತ್ತದೆ, ಅದು ಬೇಡ. ತುಂಬಾ ನೋವಾದ ಒಂದು ವಾಕ್ಯ ಮನಸ್ಸಿನಲ್ಲಿ ಸುತ್ತುತ್ತಿರುವಾಗ ಮಾತ್ರ ಅದನ್ನು ಒಂದು ಚೀಟಿಯಲ್ಲಿ ಬರೆದು, ಬಾಲ ಕತ್ತರಿಸಿ, ಮತ್ತೆ ಓದಿದರೆ ಸಾಕು. 'ಯಾರಿಗೂ ನಾನು ಬೇಡ' ಅನ್ನುವುದು 'ಈ ವಾರ ಇಬ್ಬರು ನನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ' ಅಂತ ಆಗುತ್ತದೆ. ಎರಡನೆಯದೂ ಬೇಸರದ ವಿಷಯವೇ. ಆದರೆ ಅದಕ್ಕೆ ಏನಾದರೂ ಮಾಡಬಹುದು.

ಇನ್ನೊಂದು ಅಳತೆ ತಪ್ಪುವುದು ಹಣೆಪಟ್ಟಿಯಲ್ಲಿ. ಇಲ್ಲಿ ಕನ್ನಡ ನಮ್ಮ ಪರವಾಗಿದೆ ಅಂತ ನನಗೆ ಯಾವಾಗಲೋ ಹೊಳೆದು ಖುಷಿಯಾಗಿತ್ತು. ನಮ್ಮ ಭಾಷೆಯಲ್ಲಿ ಭಾವನೆಗಳು ಅತಿಥಿಗಳ ಹಾಗೆ ಬರುತ್ತವೆ. ಕೋಪ ಬಂತು. ಅಳು ಬಂತು. ನನಗೆ ಭಯ ಆಯಿತು. ಬೇಸರ ಹಿಡಿಯಿತು, ಆಮೇಲೆ ಬಿಟ್ಟಿತು. ವಾಕ್ಯದ ಕರ್ತೃ ಕೋಪ, ನಾನಲ್ಲ. ನಾನು ಸುಮ್ನೆ ಅದು ಬಂದು ಇಳಿದ ಜಾಗ. ಬಂದದ್ದು ಹೋಗುತ್ತದೆ ಅನ್ನುವ ಸೂಚನೆ ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ನಾನು ಕೋಪದವನು ಆಗಿದ್ದೇನೆ' ಅನ್ನುವ ಥರ ಹೇಳುತ್ತಾರೆ. (ಹಾಗಂತ ಕನ್ನಡದವರಿಗೆ ಇದರಿಂದ ಖಿನ್ನತೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ವ್ಯಾಕರಣ ಅಷ್ಟು ದೊಡ್ಡ ಡಾಕ್ಟರ್ ಅಲ್ಲ.)

ಆದರೆ ಈಗ ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ವಾಕ್ಯಗಳನ್ನು ಕೇಳಿ ನೋಡಿ. 'ನಾನು ವೇಸ್ಟ್.' 'ನಾನು ಲೂಸರ್.' 'ನಾನು ಓವರ್‌ಥಿಂಕರ್.' 'ನಾನು ಸೋಂಬೇರಿ.' ಇಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕ್ರಿಯಾಪದವೇ ಇಲ್ಲ! ಕಲ್ಲಿನ ಮೇಲೆ ಕೆತ್ತಿದ ಹಾಗೆ ಎರಡು ಪದ. ಸ್ಟೀವನ್ ಹೇಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1980ರ ದಶಕದಿಂದ ಬೆಳೆಸಿದ ಒಂದು ಚಿಕಿತ್ಸಾ ಕ್ರಮದಲ್ಲಿ ಇಂಥ ಯೋಚನೆಯ ಜೊತೆ ಜಗಳ ಆಡಲು ಹೇಳುವುದಿಲ್ಲ. ಅದಕ್ಕೆ ಒಂದು ಚೌಕಟ್ಟು ಹಾಕಿಸುತ್ತಾರೆ. 'ನಾನು ವೇಸ್ಟ್' ಅನ್ನುವುದರ ಬದಲು 'ನಾನು ವೇಸ್ಟ್ ಅನ್ನುವ ಒಂದು ಯೋಚನೆ ನನಗೆ ಬರುತ್ತಿದೆ' ಅಂತ ಹೇಳಿಸುತ್ತಾರೆ. ಇಂಗ್ಲಿಷಿನಲ್ಲಿ ಇದು ಉದ್ದದ, ಕೃತಕ ವಾಕ್ಯ. ನಮಗೆ ಎರಡು ಪದದ ಕೆಲಸ: 'ಅಂತ ಅನಿಸ್ತಿದೆ'. ನಾನು ವೇಸ್ಟ್ ಅಂತ ಅನಿಸ್ತಿದೆ. ಆಗ ವಾಕ್ಯ ತೀರ್ಪಿನಿಂದ ಹವಾಮಾನ ವರದಿಗೆ ಇಳಿಯುತ್ತದೆ.

ಇದೇ ಗುಂಪಿನವರ ಇನ್ನೊಂದು ಕಸರತ್ತು ಇದೆ, ಸ್ವಲ್ಪ ನಗು ಬರುವಂಥದ್ದು. ಒಂದೇ ಪದವನ್ನು ಬೇಗಬೇಗ ಹೇಳುತ್ತಾ ಹೋದರೆ ಅದರ ಅರ್ಥ ಕರಗಿ ಬರೀ ಸದ್ದು ಉಳಿಯುತ್ತದೆ ಎಂದು ಎಡ್ವರ್ಡ್ ಟಿಚನರ್ ಎಂಬ ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಹಿಂದೆ ಹೇಳಿದ್ದರು. 2004ರಲ್ಲಿ ಅಕಿಹಿಕೊ ಮಸುದಾ, ಹೇಯ್ಸ್ ಮುಂತಾದವರು ಇದನ್ನು ಜನ ತಮಗೆ ತಾವೇ ಬೈದುಕೊಳ್ಳುವ ಪದಗಳ ಮೇಲೆ ಪ್ರಯೋಗಿಸಿದರು. ಪದ ಚುಚ್ಚುವುದೂ ಕಡಿಮೆಯಾಯಿತು, ಅದು ನಿಜ ಅನಿಸುವುದೂ ಕಡಿಮೆಯಾಯಿತು. ಬಾಗಿಲು ಹಾಕಿಕೊಂಡು 'ವೇಸ್ಟ್ ವೇಸ್ಟ್ ವೇಸ್ಟ್' ಅಂತ ಅರ್ಧ ನಿಮಿಷ ಹೇಳಿ ನೋಡಿ. ಯಾವುದೋ ಹಕ್ಕಿಯ ಕೂಗಿನ ಹಾಗೆ ಕೇಳಿಸತೊಡಗುತ್ತದೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಭಾಗ ಇದೇ.

'ಯಾಕೋ ಬೇಜಾರು.' ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಮಾಡಲು ಕೆಲಸ ಇಲ್ಲದಿದ್ದರೂ ಬೇಜಾರು, ಕೆಲಸ ಜಾಸ್ತಿ ಆದರೂ ಬೇಜಾರು. ಗೆಳೆಯ ಸುಳ್ಳು ಹೇಳಿದ್ದಕ್ಕೂ ಬೇಜಾರು, ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಹತ್ತಿರದವರು ತೀರಿಕೊಂಡಾಗಲೂ ಬೇಜಾರು. ಪಾಪ, ಒಂದು ಪದ ಎಷ್ಟು ಭಾರ ಹೊರಬೇಕು. ಅದಕ್ಕೆ ಸುಸ್ತಾದಾಗ ನಾವು 'ಟೆನ್ಷನ್' ಅನ್ನುವುದನ್ನು ಕರೆಯುತ್ತೇವೆ, ಅದೂ ಅಷ್ಟೇ ದೊಡ್ಡ ಚೀಲ, ಏನು ಹಾಕಿದರೂ ಹಿಡಿಸುತ್ತದೆ.

ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಹಲವರು ಎರಡು ದಶಕಗಳಿಂದ ನೋಡುತ್ತಿರುವುದು ಇದನ್ನೇ. ಕೆಲವರು ತಮ್ಮ ಕೆಟ್ಟ ಭಾವನೆಗಳನ್ನು ಬಿಡಿಸಿ ಬಿಡಿಸಿ ಹೇಳಬಲ್ಲರು. ಇನ್ನು ಕೆಲವರಿಗೆ ಎಲ್ಲವೂ ಒಂದೇ 'ಬೇಜಾರು'. 2015ರಲ್ಲಿ ಟಾಡ್ ಕಾಶ್ಡನ್, ಬ್ಯಾರೆಟ್ ಮತ್ತು ಪ್ಯಾಟ್ರಿಕ್ ಮೆಕ್‌ನೈಟ್ ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಬಿಡಿಸಿ ಹೇಳಬಲ್ಲವರು ಕಷ್ಟದ ಹೊತ್ತಿನಲ್ಲಿ ಕುಡಿತಕ್ಕೆ, ಹೊಡೆದಾಟಕ್ಕೆ, ತಮಗೆ ತಾವೇ ಗಾಯ ಮಾಡಿಕೊಳ್ಳುವುದಕ್ಕೆ ಹೋಗುವುದು ಕಡಿಮೆ ಅನ್ನುವುದು ಕಂಡುಬಂತು. ಪದ ಗೊತ್ತಿದ್ದದ್ದೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಯೋಚಿಸಿದರೆ ತರ್ಕ ಸಿಗುತ್ತದೆ. ಹೆಸರು ಸರಿಯಾದರೆ ಮುಂದೇನು ಮಾಡಬೇಕು ಅನ್ನುವುದು ಹೆಸರಿನೊಳಗೇ ಇರುತ್ತದೆ. ಸುಸ್ತು ಅಂದರೆ ಮಲಗಬೇಕು. ಒಂಟಿತನ ಅಂದರೆ ಯಾರನ್ನಾದರೂ ಮಾತಾಡಿಸಬೇಕು. ಮುನಿಸು ಅಂದರೆ ಆ ಕಡೆಯವರು ಒಂದು ಮಾತಾಡಿದರೆ ಸಾಕು. ಅವಮಾನ ಅಂದರೆ ಬೇರೆಯೇ ಕಥೆ. ಹೊಟ್ಟೆಕಿಚ್ಚು ಅಂದರೆ, ಒಪ್ಪಿಕೊಳ್ಳಲು ಕಷ್ಟ, ಆದರೆ ಒಪ್ಪಿಕೊಂಡ ಮೇಲೆ ಅರ್ಧ ಇಳಿದಿರುತ್ತದೆ. ಇವಕ್ಕೆಲ್ಲ 'ಬೇಜಾರು' ಅಂತ ಒಂದೇ ಚೀಟಿ ಅಂಟಿಸಿದರೆ ಮಾಡುವುದೂ ಒಂದೇ: ಫೋನ್ ತೆಗೆದು ರಾತ್ರಿ ಒಂದು ಗಂಟೆಯವರೆಗೆ ಬೆರಳು ಆಡಿಸುವುದು.

ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಕಸಿವಿಸಿ, ಕಳವಳ, ತಳಮಳ, ಮುಜುಗರ, ದಿಗಿಲು, ಗಾಬರಿ, ಪುಕಪುಕ, ಹತಾಶೆ, ಅಸಹನೆ, ಪಶ್ಚಾತ್ತಾಪ, ಸಂಕಟ. 'ಪುಕಪುಕ' ಮತ್ತು 'ದಿಗಿಲು' ಒಂದೇ ಅಲ್ಲ ಅಂತ ನಿಮಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಪರೀಕ್ಷೆಯ ಹಿಂದಿನ ರಾತ್ರಿ ಪುಕಪುಕ. ನಡುರಾತ್ರಿ ಫೋನ್ ಹೊಡೆದುಕೊಂಡರೆ ದಿಗಿಲು. ಹಿರಿಯರ ಬಾಯಲ್ಲಿ ಇವು ಸಲೀಸಾಗಿ ಓಡಾಡುತ್ತವೆ. ನಾವು ಮೂರು ನಾಲ್ಕರಲ್ಲಿ ಕೆಲಸ ಮುಗಿಸುತ್ತೇವೆ.

ಹೆಸರಿಟ್ಟರೆ ಭಾವನೆ ಸ್ವಲ್ಪ ತಣ್ಣಗಾಗುತ್ತದೆ ಅನ್ನುವುದಕ್ಕೆ ಪ್ರಯೋಗದ ಬೆಂಬಲವೂ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡದವರು 30 ಜನರನ್ನು ಮೆದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ, ಸಿಟ್ಟು ಭಯ ತುಂಬಿದ ಮುಖಗಳನ್ನು ತೋರಿಸಿದರು. ಆ ಭಾವನೆಗೆ ಪದ ಹುಡುಕಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯಿತು. 2012ರ ಪ್ರಯೋಗ ಇನ್ನೂ ಚೆನ್ನಾಗಿದೆ. ಜೇಡ ಕಂಡರೆ ಹೆದರುವ 88 ಜನರನ್ನು ಜೀವಂತ ಟರಾಂಟುಲಾ ಜೇಡದ ಹತ್ತಿರ ಕರೆದುಕೊಂಡು ಹೋದರು. ಒಂದು ಗುಂಪಿನವರು ತಮಗಾಗುತ್ತಿರುವ ಭಯವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು: ಆ ಅಸಹ್ಯ ಜೇಡ ನನ್ನ ಮೈಮೇಲೆ ಹಾರುತ್ತದೆ ಅಂತ ಹೆದರಿಕೆ ಆಗ್ತಿದೆ, ಈ ಥರ. ಇನ್ನೊಂದು ಗುಂಪಿನವರು ಸಮಾಧಾನದ ಮಾತು ಹೇಳಿಕೊಳ್ಳಬೇಕಿತ್ತು: ಸಣ್ಣ ಜೇಡ, ಏನೂ ಮಾಡಲ್ಲ. ಮೂರನೆಯ ಗುಂಪು ಬೇರೆ ಏನೋ ಮಾತಾಡಬೇಕಿತ್ತು, ನಾಲ್ಕನೆಯದು ಸುಮ್ನೆ ಇರಬೇಕಿತ್ತು. ವಾರದ ಮೇಲೆ ಮತ್ತೆ ಕರೆದಾಗ, ಭಯವನ್ನು ಭಯ ಅಂತಲೇ ಕರೆದವರ ಮೈ ಕಡಿಮೆ ಬೆವರಿತು. ಭಯದ ಪದಗಳನ್ನು ಜಾಸ್ತಿ ಬಳಸಿದವರಿಗೆ ಲಾಭವೂ ಜಾಸ್ತಿ. ಆದರೆ 'ನನಗೆ ಭಯ ಕಡಿಮೆಯಾಗಿದೆ' ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಆ ವಿಷಯದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮೈಗೆ ಗೊತ್ತಾದದ್ದು ಮನಸ್ಸಿಗೆ ಇನ್ನೂ ಗೊತ್ತಾಗಿರಲಿಲ್ಲ.

ಸಮಾಧಾನದ ಮಾತಿಗಿಂತ ನಿಜದ ಮಾತು ಜಾಸ್ತಿ ಕೆಲಸ ಮಾಡಿತು ಅನ್ನುವುದನ್ನು ಗಮನಿಸಿ. 'ನೆಗೆಟಿವ್ ಮಾತಾಡಬೇಡ' ಅಂತ ಬಾಯಿ ಮುಚ್ಚಿಸುವವರಿಗೆ ಇದನ್ನು ಹೇಳಬೇಕು ಅಂತ ನನಗೆ ತುಂಬಾ ಸಲ ಅನಿಸಿದೆ.

ಆದರೆ ಹೆಸರಿಡುವುದರಲ್ಲೂ ಈಗ ಒಂದು ಹೊಸ ತೊಡಕು ಬಂದಿದೆ. ಹತ್ತು ಹದಿನೈದು ವರ್ಷದ ಹಿಂದೆ ಡಾಕ್ಟರ ಕೋಣೆಯಲ್ಲಿ ಮಾತ್ರ ಕೇಳುತ್ತಿದ್ದ ಪದಗಳು ಈಗ ಎಲ್ಲರ ಬಾಯಲ್ಲಿವೆ. ಜಗಳವಾದರೆ 'ಟ್ರಾಮಾ', ಒಪ್ಪದವರು 'ಟಾಕ್ಸಿಕ್', ಮೇಜು ನೀಟಾಗಿಟ್ಟರೆ 'ಒಸಿಡಿ', ಒಂದು ಭಾನುವಾರ ಮಂಕಾಗಿ ಕಳೆದರೆ 'ಡಿಪ್ರೆಷನ್'. ಆಸ್ಟ್ರೇಲಿಯಾದ ನಿಕ್ ಹ್ಯಾಸ್ಲಮ್ 2016ರಲ್ಲಿ, ಹಾನಿಗೆ ಸಂಬಂಧಿಸಿದ ಇಂಥ ಪದಗಳ ಗಡಿ ದಶಕಗಳಿಂದ ಮೆಲ್ಲಗೆ ಹಿಗ್ಗುತ್ತಿದೆ ಅಂತ ಉದಾಹರಣೆ ಸಮೇತ ತೋರಿಸಿದರು. 2023ರಲ್ಲಿ ಲೂಸಿ ಫೋಕ್ಸ್ ಮತ್ತು ಜ್ಯಾಕ್ ಆ್ಯಂಡ್ರೂಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ಊಹೆ ಮುಂದಿಟ್ಟರು. ಮಾನಸಿಕ ಆರೋಗ್ಯದ ಬಗ್ಗೆ ಅರಿವು ಮೂಡಿಸುವ ಪ್ರಚಾರದಿಂದ ಎಷ್ಟೋ ಜನರಿಗೆ ಒಳ್ಳೆಯದಾಗುತ್ತದೆ, ಆದರೆ ಕೆಲವರು ಸಾಧಾರಣ ಕಷ್ಟವನ್ನೂ ಕಾಯಿಲೆ ಅಂತ ಓದಿಕೊಂಡು, ಹಾಗೆ ಓದಿಕೊಂಡದ್ದರಿಂದಲೇ ಅದು ಗಟ್ಟಿಯಾಗಿಬಿಡಬಹುದು ಅಂತ. ಊಹೆ ಅಂದೆ, ತೀರ್ಮಾನ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಪದಗಳು ಬಂದದ್ದು ಒಳ್ಳೆಯದೇ. ಖಿನ್ನತೆಯನ್ನು ಕೊಬ್ಬು, ನಾಟಕ ಅಂತ ಬೈಯುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ವಾಸಿ. ತೊಂದರೆ ಎಲ್ಲಿ ಅಂದರೆ, 'ನನಗೆ ಆಂಕ್ಸೈಟಿ ಇದೆ, ಅದಕ್ಕೇ ಹೋಗಲ್ಲ' ಅಂತ ಪದ ಮಾತನ್ನು ಮುಗಿಸಿಬಿಡುವಲ್ಲಿ. 'ಅಲ್ಲಿ ಗೊತ್ತಿರುವವರು ಯಾರಿಲ್ಲ, ಒಬ್ಬನೇ ಮೂಲೆಯಲ್ಲಿ ನಿಲ್ಲಬೇಕಾಗುತ್ತೆ ಅಂತ ಮುಜುಗರ' ಅಂದರೆ ಮಾತು ಶುರುವಾಗುತ್ತದೆ, ಆಗ ಜೊತೆಗಿದ್ದವರು 'ನಾನೂ ಬರ್ತೀನಿ ಬಾ' ಅನ್ನಬಹುದು.

ಯಾವ ಪದ ಅನ್ನುವುದರ ಜೊತೆಗೆ ಯಾರಿಗೆ ಹೇಳುತ್ತಿದ್ದೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದಂತೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಏಳು ಅಧ್ಯಯನಗಳನ್ನು ಒಟ್ಟಿಗೆ ಪ್ರಕಟಿಸಿದರು. ಭಾಷಣ ಮಾಡುವ ಮೊದಲು ಕೆಲವರು 'ನಾನು ಯಾಕೆ ಹೆದರಿದ್ದೇನೆ' ಅಂತ ಯೋಚಿಸಿದರು. ಇನ್ನು ಕೆಲವರು ತಮ್ಮ ಹೆಸರನ್ನೇ ಹಿಡಿದು, ಬೇರೊಬ್ಬರನ್ನು ಮಾತಾಡಿಸುವ ಹಾಗೆ ಯೋಚಿಸಿದರು. ಹೆಸರು ಹಿಡಿದವರ ಭಾಷಣ ನೋಡುವವರಿಗೂ ಚೆನ್ನಾಗಿ ಕಂಡಿತು, ಆಮೇಲೆ ಅವರು ಅದನ್ನೇ ಮೆಲುಕು ಹಾಕಿ ನಾಚಿಕೆಪಡುವುದೂ ಕಡಿಮೆ ಇತ್ತು. ಪರರ ಕಷ್ಟಕ್ಕೆ ನಮ್ಮ ಹತ್ತಿರ ಬುದ್ಧಿ ಯಾವಾಗಲೂ ಜಾಸ್ತಿ ಇರುತ್ತದೆ, ನಮ್ಮನ್ನೇ ಪರರನ್ನಾಗಿ ಮಾಡಿಕೊಂಡರೆ ಆ ಬುದ್ಧಿ ಸಿಗುತ್ತದೆ, ಅಷ್ಟೇ ಇದರ ಗುಟ್ಟು. ಹಳೆಯ ಹಾಡುಗಳಲ್ಲಿ 'ಎಲೆ ಮನವೇ' ಅಂತ ಕೂಗಿ ಕರೆಯುತ್ತಿದ್ದವರಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ. ನಾವೂ ಮಾಡುತ್ತೇವೆ. 'ಸ್ವಲ್ಪ ತಡಿ ಕಣೋ, ಏನೂ ಆಗಲ್ಲ.' ಆ 'ಕಣೋ'ದಲ್ಲಿ ಎಷ್ಟು ಸಲಿಗೆ ಇದೆ.

ಖಿನ್ನತೆಯಲ್ಲಿರುವವರು 'ನಾನು' ಜಾಸ್ತಿ ಬಳಸುತ್ತಾರೆ ಅನ್ನುವ ಇನ್ನೊಂದು ಪ್ರಸಿದ್ಧ ಮಾತಿದೆ. ನಿಜ, ಆದರೆ ಆ ನಂಟು ತೆಳು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸಹಸಂಬಂಧ 0.13 ಮಾತ್ರ (ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1). ಕನ್ನಡದಲ್ಲಂತೂ 'ಮಾಡಿದೆ, ಹೋದೆ, ಅತ್ತೆ' ಅಂದರೆ 'ನಾನು' ಹೇಳದೆಯೇ ನಾನು ಬಂದಿರುತ್ತೇನೆ. ಆದ್ದರಿಂದ ನಿಮ್ಮ ಡೈರಿಯಲ್ಲಿ 'ನಾನು'ಗಳನ್ನು ಎಣಿಸುತ್ತಾ ಕೂರಬೇಡಿ.

ಕೆಲವು ಸಣ್ಣ ಬದಲಾವಣೆಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಹಾಡಲು ಹೋಗುವ ಮೊದಲು 'ನನಗೆ ಭಯ' ಅಂತ ಹೇಳಿದವರಿಗಿಂತ 'ನನಗೆ ಉತ್ಸಾಹ' ಅಂತ ಹೇಳಿದವರು ಚೆನ್ನಾಗಿ ಹಾಡಿದರು ಅಂತ 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ತೋರಿಸಿದರು. ಎದೆ ಬಡಿತ ಎರಡಕ್ಕೂ ಒಂದೇ ಆದ್ದರಿಂದ ಆ ಹೆಸರು ಸುಳ್ಳಾಗಲಿಲ್ಲ. 'ಶಾಂತವಾಗಿದ್ದೇನೆ' ಅಂದಿದ್ದರೆ ಎದೆಯೇ ಅಲ್ಲಗಳೆಯುತ್ತಿತ್ತು. 2012ರಲ್ಲಿ ವನೆಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ 'ತಿನ್ನುವ ಹಾಗಿಲ್ಲ' ಮತ್ತು 'ತಿನ್ನಲ್ಲ' ಇವೆರಡನ್ನು ಹೋಲಿಸಿದರು. 'ತಿನ್ನಲ್ಲ' ಅಂದುಕೊಂಡವರಲ್ಲಿ 64% ಜನ ಹೊರಡುವಾಗ ಆರೋಗ್ಯದ ತಿಂಡಿ ಆರಿಸಿದರು, 'ಹಾಗಿಲ್ಲ' ಅಂದುಕೊಂಡವರಲ್ಲಿ 39%. ಒಂದರಲ್ಲಿ ಯಾರೋ ತಡೆದಿದ್ದಾರೆ, ಇನ್ನೊಂದರಲ್ಲಿ ನಾನೇ ನಿರ್ಧರಿಸಿದ್ದೇನೆ. ಪ್ರಯೋಗ ಚಿಕ್ಕದು, ಜಾಸ್ತಿ ನೆಚ್ಚಿಕೊಳ್ಳುವುದು ಬೇಡ.

'ಯಾಕೆ ನನಗೇ ಹೀಗೆ?' ಅನ್ನುವ ಪ್ರಶ್ನೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. (ಇಲ್ಲೂ ಒಂದು 'ಏ' ಇದೆ, ನೋಡಿದಿರಾ.) ಕೇಳಲು ಅದು ಪ್ರಶ್ನೆಯ ಹಾಗಿದೆ, ಆದರೆ ಉತ್ತರ ಬಂದರೂ ಅದು ನಿಲ್ಲುವುದಿಲ್ಲ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಬೇಸರವಾದಾಗ ಅದನ್ನೇ ಎಷ್ಟು ಕೆದಕುತ್ತೀರಿ ಅಂತ ಕೇಳಿ ಬರೆಸಿಕೊಂಡಿದ್ದರು. ಎರಡು ವಾರದಲ್ಲಿ, 1989ರ ಅಕ್ಟೋಬರ್ 17ರಂದು, ಅಲ್ಲಿ ದೊಡ್ಡ ಭೂಕಂಪವಾಯಿತು. ಯಾರೂ ಯೋಜಿಸದೆ ಪ್ರಯೋಗ ತಾನಾಗಿ ನಡೆದುಹೋಯಿತು. ಮೊದಲೇ ಕೆದಕುವ ಅಭ್ಯಾಸ ಇದ್ದವರು ಏಳು ವಾರದ ಮೇಲೂ ಮಿಕ್ಕವರಿಗಿಂತ ಜಾಸ್ತಿ ಖಿನ್ನರಾಗಿದ್ದರು. ಬ್ರಿಟನ್ನಿನ ಎಡ್ವರ್ಡ್ ವಾಟ್ಕಿನ್ಸ್ ಇದನ್ನು ಮುಂದುವರಿಸಿ, ಯೋಚಿಸುವುದೇ ತಪ್ಪಲ್ಲ, 'ಯಾಕೆ' ಅಂತ ಆಕಾಶಕ್ಕೆ ಕೇಳುವುದು ಬಿಟ್ಟು 'ಹೇಗಾಯಿತು, ಮೊದಲು ಏನಾಯಿತು, ಆಮೇಲೆ ಏನಾಯಿತು' ಅಂತ ನೆಲದ ಮೇಲೆ ಕೇಳಿದರೆ ಅದೇ ಯೋಚನೆ ಉಪಯೋಗಕ್ಕೆ ಬರುತ್ತದೆ ಅಂತ ತೋರಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ನಾನೇ ಅಳತೆ ತಪ್ಪಿದ ಹಾಗೆ. ಇಲ್ಲಿನ ಪರಿಣಾಮಗಳು ಹೆಚ್ಚಿನವು ಸಣ್ಣವು, ಪ್ರಯೋಗಾಲಯದವು. ಮಾತು ಬದಲಿಸಿದ್ದಕ್ಕೆ ಸಾಲ ತೀರುವುದಿಲ್ಲ, ಕಾಡುವ ಬಾಸ್ ಬದಲಾಗುವುದಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕು ಬೇಡ ಅನಿಸುತ್ತಿದೆ ಅಂದರೆ ಅದು ಪದಗಳ ಸಮಸ್ಯೆ ಅಲ್ಲ, ಡಾಕ್ಟರ ಹತ್ತಿರ ಹೋಗಬೇಕಾದ ವಿಷಯ. ಅಂಥವರಿಗೆ 'ನಿನ್ನ ಮಾತು ಸರಿಮಾಡ್ಕೋ' ಅನ್ನುವುದು, ಕಾಲು ಮುರಿದವನಿಗೆ ನೆಟ್ಟಗೆ ನಡಿ ಅಂದ ಹಾಗೆ.

ಕೊನೆಗೆ, ಈ ಒಳಗಿನ ಮಾತು ಬಂದದ್ದು ಎಲ್ಲಿಂದ? ಸೋವಿಯತ್ ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಇದರ ಬಗ್ಗೆ ಬರೆದ ಪುಸ್ತಕ 1934ರಲ್ಲಿ, ಅವರು ತೀರಿಕೊಂಡ ವರ್ಷವೇ, ಹೊರಬಂತು. ಮೊದಲು ದೊಡ್ಡವರು ಮಗುವಿಗೆ ಹೇಳುತ್ತಾರೆ. ಆಮೇಲೆ ಮಗು ಆಟವಾಡುತ್ತಾ ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತದೆ. ನಿಧಾನವಾಗಿ ಅದು ಸದ್ದಿಲ್ಲದೆ ಒಳಕ್ಕೆ ಇಳಿಯುತ್ತದೆ. ಅಂದರೆ ಒಳಗಿನ ಮಾತು ಒಂದು ಕಾಲಕ್ಕೆ ಹೊರಗಿನ ಮಾತೇ ಆಗಿತ್ತು.

ನನ್ನ ಕೈಯಿಂದ ಏನಾದರೂ ತಪ್ಪಾದಾಗ, ಫೈಲ್ ಡಿಲೀಟ್ ಆಗಲಿ, ದಾರಿ ತಪ್ಪಲಿ, ತಲೆಯಲ್ಲಿ ಮೊದಲು ಬರುವ ವಾಕ್ಯ ಒಂದೇ: 'ಇಷ್ಟೂ ಗೊತ್ತಾಗಲ್ವಾ ನಿಂಗೆ?' ಈ ಲೇಖನಕ್ಕಾಗಿ ಓದುತ್ತಾ ಕೂತಾಗ ಅದರ ಧ್ವನಿಯನ್ನು ಮೊದಲ ಸಲ ಗಮನವಿಟ್ಟು ಕೇಳಿದೆ. ಅದು ನನ್ನ ಧ್ವನಿ ಅಲ್ಲವೇ ಅಲ್ಲ. ಏಳನೇ ಕ್ಲಾಸಿನ ನಮ್ಮ ಲೆಕ್ಕದ ಮೇಷ್ಟ್ರದ್ದು, 'ಗೊತ್ತಾಗಲ್ವಾ' ಅನ್ನುವಾಗಿನ ಆ ಎಳೆತದ ಸಮೇತ. ಅವರು ಅದನ್ನು ಹೇಳಿದ್ದು ಮೂರೋ ನಾಲ್ಕೋ ಸಲ ಇರಬೇಕು, ಅವರಿಗೆ ನನ್ನ ಹೆಸರೂ ನೆನಪಿರಲಿಕ್ಕಿಲ್ಲ. ಆಮೇಲಿನ ಇಷ್ಟು ವರ್ಷ ಅದನ್ನು ಹೇಳುತ್ತಾ ಬಂದವನು ನಾನೇ.